ಚಿತ್ರದ ಬೆನ್ನಿಗಿದ್ದ ಮಾತು

ಬೈಂಡಿಂಗ್ ಅಂಗಡಿಯಲ್ಲಿ ಅವಳಿಗೆ ಡಿಗ್ರಿ ಎಂದೇ ಹೆಸರು. ಕೆಲಸಕ್ಕೆ ಸೇರಿದ ದಿನ ಪದವಿಯ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡು ಬಂದಿದ್ದಳು. ಮೇಸ್ತ್ರಿ ಅದನ್ನು ಹೊರಗೆ ತೆಗೆದು, ಓದದೆ, ಮೂಲೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಕಾಗದ ದಪ್ಪ ಇದೆ. ಗೋಂದು ಹಚ್ಚಿದ್ರೆ ಸುಕ್ಕಾಗಲ್ಲ," ಎಂದಿದ್ದರು. ಕಟಿಂಗ್ ಮಿಷನ್ನಿನವನು ನಕ್ಕಿದ್ದ. ಅವಳೂ ನಗಬೇಕೆಂದುಕೊಂಡಳು, ಆದರೆ ಅವಳ ನಗೆ ಯಾವಾಗಲೂ ಎಲ್ಲರ ನಗೆ ಮುಗಿದ ಮೇಲೆ ಬರುವಂಥದ್ದು. ಬರುವಷ್ಟರಲ್ಲಿ ಮೇಸ್ತ್ರಿ ಅವಳ ಕೈಗೆ ಒಂದು ಕಟ್ಟು ಫಾರಂ, ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು, ಕೊಟ್ಟು "ಮಡಚು ಡಿಗ್ರಿ," ಎಂದಾಗಿತ್ತು.

ಮಡಚುವುದರಲ್ಲಿ ಅವಳನ್ನು ಮೀರಿಸುವವರು ಆ ಅಂಗಡಿಯಲ್ಲಿ ಇನ್ನೊಬ್ಬರಿರಲಿಲ್ಲ. ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗಿ ಬರುತ್ತದೆ. ಹಾಗೇ ನೋಡಿದರೆ ಎಲ್ಲವೂ ಅಡ್ಡಾದಿಡ್ಡಿ, ಅರ್ಧ ಪುಟಗಳು ತಲೆಕೆಳಗು. ಮೂರು ಮಡಿಕೆ ಹಾಕಿದರೆ ಒಂದರ ಹಿಂದೆ ಒಂದು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಯಾವ ಪುಟದ ಬೆನ್ನಿಗೆ ಯಾವುದು ಕೂತಿದೆ ಎಂದು ಅವಳು ಬಿಡಿಸದೆಯೇ ಹೇಳಬಲ್ಲಳು. ಕೇಳಿದರೆ ಮಾತ್ರ. ಯಾರೂ ಕೇಳುತ್ತಿರಲಿಲ್ಲ.

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ. ಎರಡು ಕೋಣೆ, ಒಂದು ಹಜಾರ. ಹಜಾರದಲ್ಲಿ ಬಟ್ಟೆಯ ಬೀರುವನ್ನು ಅಡ್ಡಕ್ಕೆ ನಿಲ್ಲಿಸಿ ಮಾಡಿದ ಮೂಲೆಯೇ ಅವಳ ಕೋಣೆ; ಒಂದು ಮಂಚ, ಒಂದು ಸ್ಟೂಲು, ದಿಂಬಿನ ಕೆಳಗೆ ಒಂದು ಡೈರಿ. ಅಣ್ಣ ಮನೆಯಲ್ಲಿದ್ದರೆ ಟಿವಿ ಮುಂದಿರುತ್ತಿದ್ದ. ಅತ್ತಿಗೆ ಆಸ್ಪತ್ರೆಯೊಂದರ ಚೀಟಿ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅವರ ಒಬ್ಬಳೇ ಮಗಳು, ನಾಲ್ಕನೇ ಕ್ಲಾಸಿನವಳು, ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಇರುತ್ತಿದ್ದುದರಿಂದ ಅಳಿಲು ಎಂದೇ ಮನೆಯಲ್ಲಿ ಹೆಸರಾಗಿತ್ತು. ಸಂಜೆ ನಾಲ್ಕರ ಚಹಾ ವಿರಾಮದಲ್ಲಿ ಡಿಗ್ರಿ ಶಾಲೆಯ ಗೇಟಿಗೆ ಹೋಗಿ ಅಳಿಲನ್ನು ಕರೆತಂದು ಮನೆಯೊಳಗೆ ಬಿಟ್ಟು, ಮತ್ತೆ ಅಂಗಡಿಗೆ ಓಡುತ್ತಿದ್ದಳು. ಚಹಾ ಕುಡಿಯುವುದು ಎಂದೋ ನಿಂತುಹೋಗಿತ್ತು.

ಆ ಶಾಲೆಯಲ್ಲಿ ಲೈಬ್ರರಿಗೆ ಒಬ್ಬ ಸಹಾಯಕಿ ಬೇಕೆಂದು ಗೇಟಿನ ಬೋರ್ಡಿನ ಮೇಲೆ ಚೀಟಿ ಅಂಟಿಸಿದ್ದರು. ಡಿಗ್ರಿ ಅದನ್ನು ನಾಲ್ಕು ದಿನ ಓದಿ, ಐದನೇ ದಿನ ಅರ್ಜಿ ಹಾಕಿದಳು. ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಇದ್ದ ದೊಡ್ಡ ಮೇಡಂ, ಶಾಲೆಯ ಮುಖ್ಯಸ್ಥೆ, ಕನ್ನಡಕ ತೆಗೆದು, "ನಾವೇ ಮಕ್ಕಳು ಅಂದ್ಕೊಳ್ಳಿ. ಒಂದು ಕಥೆ ಹೇಳಿ, ಕೇಳ್ತೀವಿ," ಎಂದರು.

ಅವಳಿಗೆ ಕಥೆಗಳು ಗೊತ್ತಿದ್ದವು. ಬೈಂಡಿಂಗಿಗೆ ಬಂದ ಪುಸ್ತಕವನ್ನೆಲ್ಲ ಓದಿ, ಮೇಸ್ತ್ರಿಯ ಕೈಲಿ ಬೈಸಿಕೊಂಡು ಕಲಿತ ಕಥೆಗಳು. ಆದರೆ ಆರು ಕಣ್ಣು ತನ್ನ ಮುಖದ ಮೇಲೆ ಬಿದ್ದ ಕೂಡಲೇ ಅವಳು ಕಣ್ಣು ಕೆಳಗಿಳಿಸಿದಳು. ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡಿದಳು. ಅದರೊಳಗೆ ಒಂದು ಗುಳ್ಳೆ ಇತ್ತು. ಆ ಗುಳ್ಳೆಯನ್ನು ನೋಡುತ್ತಲೇ ಎರಡು ನಿಮಿಷ ಕಳೆದುಹೋದವು.

"ನೋಡಮ್ಮ," ಎಂದರು ದೊಡ್ಡ ಮೇಡಂ, ಬೇಸರವಿಲ್ಲದೆ. "ಅಂಕ ಎಲ್ಲ ಚೆನ್ನಾಗಿದೆ. ಆದ್ರೆ ಲೈಬ್ರರೀಲಿ ಪುಸ್ತಕಗಳೇ ಬಾಯಿ ಮುಚ್ಕೊಂಡು ಕೂತಿರ್ತವೆ. ನೋಡ್ಕೊಳ್ಳೋರೂ ಹಾಗೇ ಕೂತ್ರೆ ಮಕ್ಕಳು ಯಾರ ಹತ್ರ ಹೋಗ್ಬೇಕು?"

ಆಗಲ್ಲ ಅಂತಲೂ ಹೇಳಲಿಲ್ಲ, ಆಗುತ್ತೆ ಅಂತಲೂ ಹೇಳಲಿಲ್ಲ. ಎರಡು ತಿಂಗಳಾದರೂ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಗೇಟಿನ ಬಳಿ ನಿಂತಾಗಲೆಲ್ಲ ಡಿಗ್ರಿಯ ಕಣ್ಣು ಮೇಲಿನ ಮಹಡಿಯ ಮೂಲೆಯ ಕಿಟಕಿಗೆ ಹೋಗುತ್ತಿತ್ತು. ಒಳಗೆ ಕಪಾಟುಗಳ ಬೆನ್ನು ಕಾಣುತ್ತಿತ್ತು. ಅಲ್ಲಿ ಒಂದು ಕುರ್ಚಿ ಖಾಲಿ ಇದೆ ಎಂಬ ಒಂದೇ ವಿಚಾರದ ಮೇಲೆ ಅವಳು ದಿನ ದೂಡುತ್ತಿದ್ದಳು.

ಅಷ್ಟರಲ್ಲಿ ಶಾಲೆಯಲ್ಲಿ ಪ್ರಾಜೆಕ್ಟ್ ಬಂತು. ಒಬ್ಬೊಬ್ಬರಿಗೆ ಒಂದೊಂದು ದೇಶ. ಆ ದೇಶದವರು ಬದುಕುವ ರೀತಿಯನ್ನು ಕೈಯಾರೆ ಏನಾದರೂ ಮಾಡಿ ತೋರಿಸಬೇಕು, ಅಂಗಡಿಯಲ್ಲಿ ಸಿಗುವ ಚಾರ್ಟು ತಂದು ತೂಗುಹಾಕುವ ಹಾಗಿಲ್ಲ. ಅಳಿಲಿಗೆ ಚೀಟಿಯಲ್ಲಿ ಜಪಾನ್ ಬಂದಿತ್ತು.

ಗೇಟಿನ ಹತ್ತಿರ ಅಳಿಲಿನ ಕ್ಲಾಸ್ ಟೀಚರ್ ಡಿಗ್ರಿಯನ್ನು ಪಕ್ಕಕ್ಕೆ ಕರೆದರು. ತೆಳ್ಳಗಿನ, ಸದಾ ಸೀಮೆಸುಣ್ಣದ ಕೈಯ ಹೆಂಗಸು. "ಲೈಬ್ರರಿ ಜಾಗ ಇನ್ನೂ ಖಾಲಿ ಇದೆ. ಪ್ರದರ್ಶನದ ದಿನ ದೊಡ್ಡ ಮೇಡಂ ಮೊದಲನೇ ಸಾಲಲ್ಲಿ ಕೂತಿರ್ತಾರೆ. ಕಥೆಗೆ ಸಂಬಂಧಪಟ್ಟಿದ್ದು ಏನಾದ್ರೂ ಮಾಡ್ಸಿ. ಮುಗಿದ ಮೇಲೆ, ಇದನ್ನ ಮಾಡ್ಸಿದ್ದು ಇವ್ರೇ ಅಂತ ನಾನು ಹೇಳ್ತೀನಿ. ನೀವು ಎದ್ದು ನಾಲ್ಕು ಮಾತು ಆಡಿ, ಸಾಕು. ನಾಲ್ಕೇ ನಾಲ್ಕು."

ನಾಲ್ಕು ಮಾತು. ಡಿಗ್ರಿ ಅವನ್ನು ಆ ಸಂಜೆಯೇ ಡೈರಿಯಲ್ಲಿ ಬರೆದಿಟ್ಟಳು. ಬರೆದದ್ದು ಐದಾಯಿತು, ಒಂದನ್ನು ಹೊಡೆದುಹಾಕಿದಳು.

ಏನು ಮಾಡಿಸಬೇಕೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಹಿಂದಿನ ವರ್ಷ ಬೆನ್ನು ಕಿತ್ತುಹೋದ ಒಂದು ಮಕ್ಕಳ ವಿಶ್ವಕೋಶ ಅಂಗಡಿಗೆ ಬಂದಿತ್ತು. ಅದರಲ್ಲಿ ಅರ್ಧ ಪುಟದ ಚಿತ್ರ: ಬೀದಿಯ ತಿರುವಿನಲ್ಲಿ ಒಬ್ಬ ಮನುಷ್ಯ ಸೈಕಲ್ ನಿಲ್ಲಿಸಿದ್ದಾನೆ. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಅದಕ್ಕೆ ಪುಟ್ಟ ಬಾಗಿಲುಗಳು. ಎರಡು ಕಟ್ಟಿಗೆ ತುಂಡು ತಟ್ಟಿ ಮಕ್ಕಳನ್ನು ಕರೆಯುತ್ತಾನೆ, ಮಿಠಾಯಿ ಮಾರುತ್ತಾನೆ, ಆಮೇಲೆ ಬಾಗಿಲು ತೆಗೆದು ಒಂದೊಂದೇ ಚಿತ್ರ ಎಳೆಯುತ್ತ ಕಥೆ ಹೇಳುತ್ತಾನೆ. ಜಪಾನಿನವರು ಅದನ್ನು ಕಾಮಿಶಿಬಾಯಿ ಎನ್ನುತ್ತಾರೆ, ಕಾಗದದ ನಾಟಕ. ಆ ಚಿತ್ರದಲ್ಲಿ ಅವಳ ಮನಸ್ಸಿಗೆ ನಾಟಿದ್ದು ಒಂದೇ: ಮಕ್ಕಳ ಕಣ್ಣೆಲ್ಲ ಪೆಟ್ಟಿಗೆಯ ಮೇಲಿತ್ತು. ಕಥೆ ಹೇಳುವವನನ್ನು ಯಾರೂ ನೋಡುತ್ತಿರಲಿಲ್ಲ.

ಹನ್ನೆರಡು ಸಂಜೆ ಬೀರುವಿನ ಹಿಂದಿನ ಮೂಲೆಯಲ್ಲಿ ಕೆಲಸ ನಡೆಯಿತು. ಅಂಗಡಿಯಲ್ಲಿ ಬೇಡವೆಂದು ಎಸೆಯುವ ರಟ್ಟನ್ನು ಮೇಸ್ತ್ರಿ ಬಾಯ್ತುಂಬ ಗೊಣಗಿ ಕೈತುಂಬ ಕೊಟ್ಟರು. "ಜಪಾನಿಗೆ ರಟ್ಟು ರಫ್ತು ಮಾಡ್ತಿದಾಳಪ್ಪ ನಮ್ಮ ಡಿಗ್ರಿ." ಪೆಟ್ಟಿಗೆಗೆ ಕಪ್ಪು ಬಟ್ಟೆಯ ಕೀಲು, ಎರಡು ಬಾಗಿಲು, ಪಕ್ಕದಲ್ಲಿ ಚಿತ್ರ ಎಳೆಯಲು ಸೀಳು. ಕಥೆಯನ್ನು ಅವಳೇ ಕಟ್ಟಿದಳು. ಕೊಡೆ ರಿಪೇರಿ ಮಾಡುವ ಮುದುಕನೊಬ್ಬನ ಅಂಗಡಿಯಲ್ಲಿ ಯಾರೋ ಒಂದು ಎಣ್ಣೆಕಾಗದದ ಕೊಡೆ ಮರೆತು ಹೋಗುತ್ತಾರೆ. ಮುದುಕ ಅದನ್ನು ಮಾರುವುದಿಲ್ಲ, ಮಳೆಗೆ ಸಿಕ್ಕವರಿಗೆಲ್ಲ ಕೊಟ್ಟು ಕಳಿಸುತ್ತಾನೆ. ಕೊಡೆ ಪ್ರತಿಸಲವೂ ವಾಪಸು ಬರುತ್ತದೆ. ಒಂದು ಸಲ ಬರುವುದಿಲ್ಲ. ಹತ್ತು ಚಿತ್ರ. ಅಳಿಲು ಬಣ್ಣ ತುಂಬಿದಳು, ಡಿಗ್ರಿ ಗೆರೆ ಎಳೆದಳು. ಬಾಗಿಲಲ್ಲಿ ಚಪ್ಪಲಿಗಳು ಬೀದಿಯ ಕಡೆ ಮುಖಮಾಡಿ ಇರಬೇಕು, ತಲೆ ಬಾಗಿಸುವಾಗ ಬೆನ್ನು ನೇರ ಇರಬೇಕು ಎಂದೆಲ್ಲ ಹೇಳಿಕೊಟ್ಟಳು.

ಬೂದು ರಟ್ಟಿನ ಮೇಲೆ ಶಾಯಿ ಹರಡುತ್ತದೆ. ಅದಕ್ಕೆ ಕಥೆಯ ಮಾತನ್ನು ಬಿಳಿ ಹಾಳೆಗಳಲ್ಲಿ ಬರೆದು, ಚಿತ್ರಗಳ ಬೆನ್ನಿಗೆ ಮೂಲೆಗಳಲ್ಲಷ್ಟೇ ಗೋಂದು ಹಚ್ಚಿ ಅಂಟಿಸಿದಳು. ಅಳಿಲು ಬಗ್ಗಿ ನೋಡಿ ಕೂಗಿದಳು.

"ಅತ್ತೆ, ತಪ್ಪು ತಪ್ಪು! ಒಂದನೇ ಚಿತ್ರದ ಹಿಂದೆ ಎರಡನೇ ಮಾತು ಅಂಟಿಸಿದೀಯ."

"ತಪ್ಪಲ್ಲ. ಪೆಟ್ಟಿಗೆ ಹಿಂದೆ ಬಾ. ಜನರಿಗೆ ಯಾವ ಚಿತ್ರ ಕಾಣ್ತಿದೆ?"

"ಒಂದನೇದು."

"ನಿಂಗೆ ಏನು ಕಾಣ್ತಿದೆ?"

"ಹತ್ತನೇದರ ಬೆನ್ನು... ಓ."

"ಅದಕ್ಕೇ ಒಂದನೇ ಮಾತು ಹತ್ತನೇದರ ಬೆನ್ನಿಗೆ ಇರೋದು. ಈಗ ಒಂದನೇದನ್ನ ಎಳೆದು ಕಟ್ಟಿನ ಹಿಂದಕ್ಕೆ ಸೇರಿಸು. ಜನರಿಗೆ ಎರಡನೇ ಚಿತ್ರ ಕಾಣ್ತು. ನಿನ್ನ ಕಣ್ಮುಂದೆ ಒಂದನೇದರ ಬೆನ್ನು ಬಂತು. ಅಲ್ಲಿ ಎರಡನೇ ಮಾತು."

"ಇದನ್ನ ಯಾರು ಕಂಡುಹಿಡಿದ್ರು? ನೀನಾ?"

"ಜಪಾನಿನವರು. ಆದ್ರೆ ನಮ್ಮ ಅಂಗಡೀಲೂ ಹೀಗೇ."

ಅಳಿಲಿಗೆ ತಮಾಷೆ ಎನಿಸಿ, "ನೀನು ಹೇಳು ಅತ್ತೆ, ನಾನು ಜನ ಆಗ್ತೀನಿ," ಎಂದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಡಿಗ್ರಿ ಪೆಟ್ಟಿಗೆಯ ಹಿಂದೆ ಕೂತು ಕಟ್ಟಿಗೆ ತಟ್ಟಿದಳು. ಆಮೇಲೆ ಬಂದ ದನಿಯನ್ನು ಕೇಳಿ ಮೊದಲು ಬೆಚ್ಚಿದವಳು ಅವಳೇ. ಮುದುಕನಿಗೆ ಕೆಮ್ಮುವ ದನಿ, ಬೆಕ್ಕಿಗೆ ಸೋಮಾರಿ ದನಿ, ಊರ ದೊಡ್ಡ ಮನುಷ್ಯನಿಗೆ ಹೊಟ್ಟೆಯಿಂದ ಬರುವ ದನಿ. ಟಿವಿ ಮುಂದಿದ್ದ ಅಣ್ಣ ಸದ್ದು ಕಡಿಮೆ ಮಾಡಿ, "ಯಾರೇ ಬಂದಿರೋದು?" ಎಂದು ಕೇಳಿದ.

"ಅತ್ತೆ!" ಎಂದು ಕಿರುಚಿದಳು ಅಳಿಲು.

"ಸುಮ್ನಿರೇ, ತಮಾಷೆ ಮಾಡ್ಬೇಡ," ಎಂದ ಅಣ್ಣ, ಸದ್ದು ಮತ್ತೆ ಜೋರು ಮಾಡಿದ.

ಅಂದು ಡಿಗ್ರಿಗೆ ಖಾತ್ರಿಯಾಯಿತು. ಅಳಿಲು ಕಥೆ ಹೇಳಿ ಮುಗಿಸುತ್ತಾಳೆ, ಟೀಚರ್ ತನ್ನನ್ನು ಕರೆಯುತ್ತಾರೆ, ತಾನು ಎದ್ದು ನೇರ ಪೆಟ್ಟಿಗೆಯ ಹಿಂದೆ ಹೋಗಿ ನಿಂತು ಆ ನಾಲ್ಕು ಮಾತು ಆಡಿಬಿಡುತ್ತಾಳೆ. ಪೆಟ್ಟಿಗೆ ಇದ್ದರೆ ಸಾಕು.

ಶುಕ್ರವಾರ ಅಂಗಡಿಯಲ್ಲಿ ಉತ್ತರಪತ್ರಿಕೆಗಳ ಕೆಲಸ ಬಿದ್ದು, ಡಿಗ್ರಿ ಬರುವುದು ಎಂದಿಗಿಂತ ತಡವಾಯಿತು. ಬಂದಾಗ ಪೆಟ್ಟಿಗೆಗೆ ಒಂದು ಹಳೆಯ ದಿಂಬಿನ ಚೀಲ ತೊಡಿಸಿ, ದಾರದಿಂದ ಬಿಗಿದು, ಬಾಗಿಲ ಬಳಿ ಇಟ್ಟಾಗಿತ್ತು.

"ನಾಳೆಗೆ ಎಲ್ಲ ರೆಡಿ ಮಾಡಿಟ್ಟಿದೀನಿ," ಎಂದಳು ಅತ್ತಿಗೆ. "ಇನ್ನು ಬಿಚ್ಚಿ ಗಲೀಜು ಮಾಡ್ಬೇಡ. ಊಟ ಮಾಡು."

ಅತ್ತಿಗೆ ಹೀಗೆ ಯಾವುದಕ್ಕಾದರೂ ಕೈಹಾಕಿದ್ದು ಅಪರೂಪ. ಡಿಗ್ರಿಗೆ ಒಂದು ಥರ ಹಿತವೆನಿಸಿತು. ಅಳಿಲು ಏನೋ ಹೇಳಲು ಬಾಯಿ ತೆರೆದಿದ್ದಳು. ಅಮ್ಮ ಕಣ್ಣಲ್ಲೇ ಗದರಿ ಮಲಗಲು ಅಟ್ಟಿದಳು.

ಶನಿವಾರ ಬೆಳಗ್ಗೆ ಶಾಲೆಯ ಹಾಲ್ ತುಂಬಿತ್ತು. ಕಬ್ಬಿಣದ ಕುರ್ಚಿಗಳು, ಫ್ಯಾನಿನ ಗರಗರ, ಒಣಗದ ಬಣ್ಣದ ವಾಸನೆ. ಯಾರೋ ಥರ್ಮೋಕೋಲಿನ ಪಿರಮಿಡ್ಡು ಹೊತ್ತು ತಂದಿದ್ದರು, ಯಾರೋ ಹತ್ತಿಯಲ್ಲಿ ಹಿಮದ ಮನೆ ಮಾಡಿದ್ದರು. ಶಾಲೆಯ ವಾರ್ಷಿಕ ಪತ್ರಿಕೆಗೆ ಬೇಕೆಂದು ಫೋಟೋದವನೊಬ್ಬ ಎಲ್ಲರನ್ನೂ ನಿಲ್ಲಿಸಿ ತೆಗೆಯುತ್ತಿದ್ದ. ಅಳಿಲು ಪೆಟ್ಟಿಗೆಯ ಪಕ್ಕ ನಿಂತಳು, ಅತ್ತಿಗೆ ಮಗಳ ಹೆಗಲ ಮೇಲೆ ಕೈಯಿಟ್ಟಳು. ಡಿಗ್ರಿ ಪೆಟ್ಟಿಗೆ ವಾಲದಂತೆ ಹಿಂದಿನಿಂದ ಹಿಡಿದುಕೊಂಡಳು.

ಮೊದಲ ಸಾಲಿನಲ್ಲಿ ದೊಡ್ಡ ಮೇಡಂ. ಮೂರನೇ ಸಾಲಿನಲ್ಲಿ ಅಣ್ಣ, ಅತ್ತಿಗೆ, ತುದಿಯ ಕುರ್ಚಿಯಲ್ಲಿ ಡಿಗ್ರಿ. ಅವಳ ಅಂಗೈಯಲ್ಲಿ ಆ ನಾಲ್ಕು ಮಾತು ಬರೆದು ನಾಲ್ಕಾಗಿ ಮಡಚಿದ ಚೀಟಿ, ಬೆವರಿಗೆ ಮೆತ್ತಗಾಗಿತ್ತು.

ಅಳಿಲು ಟಕ್ ಟಕ್ ಎಂದು ಕಟ್ಟಿಗೆ ತಟ್ಟಿದಳು. ಹಾಲ್ ಸುಮ್ಮನಾಯಿತು. ಪೆಟ್ಟಿಗೆಯ ಬಾಗಿಲು ತೆರೆಯಿತು. ಮೊದಲ ಚಿತ್ರ: ಅಂಗಡಿಯ ಮುಂದೆ ಕೂತ ಮುದುಕ, ಸುತ್ತ ಮುರಿದ ಕೊಡೆಗಳು. ದೊಡ್ಡ ಮೇಡಂ ಮುಂದಕ್ಕೆ ಬಾಗಿದ್ದನ್ನು ಡಿಗ್ರಿ ನೋಡಿದಳು.

ಅಳಿಲು ಗಟ್ಟಿಯಾಗಿ ಓದಿದಳು: "ಅಂದಿನಿಂದ ಆ ಬೀದಿಯಲ್ಲಿ ಯಾರೂ ಮಳೆಯಲ್ಲಿ ನೆನೆಯಲಿಲ್ಲ. ಮುದುಕ ಬಾಗಿಲು ಹಾಕಿಕೊಂಡ. ಇಲ್ಲಿಗೆ ನಮ್ಮ ಕಥೆ ಮುಗಿಯಿತು."

ಹಿಂದಿನ ಸಾಲಿನ ಒಬ್ಬ ಅಪ್ಪ, "ಪರವಾಗಿಲ್ಲ, ಬೇಗ ಮುಗೀತು!" ಎಂದ. ಹಾಲ್ ಪೂರ್ತಿ ನಕ್ಕಿತು.

ಡಿಗ್ರಿಗೆ ಎಲ್ಲ ತಿಳಿಯಲು ಒಂದು ಉಸಿರೂ ಬೇಕಾಗಲಿಲ್ಲ. ಹತ್ತನೇ ಮಾತು ಹತ್ತನೇ ಚಿತ್ರದ ಬೆನ್ನಿಗಿದೆ. ಅಂದರೆ ಒಂದನೇದು ಒಂದರ ಬೆನ್ನಿಗೆ, ಎರಡನೇದು ಎರಡರ ಬೆನ್ನಿಗೆ. ಯಾರೋ ಹಾಳೆಗಳನ್ನು ಎಬ್ಬಿಸಿ ಎಲ್ಲವನ್ನೂ "ಸರಿಯಾಗಿ" ಅಂಟಿಸಿದ್ದಾರೆ. ಪಕ್ಕದಲ್ಲಿ ಅತ್ತಿಗೆ ಹುಬ್ಬು ಗಂಟಿಕ್ಕಿ, "ಈ ಹುಡುಗಿ ಯಾಕೆ ಕೊನೇದನ್ನ ಮೊದ್ಲು ಓದ್ತಿದೆ?" ಎಂದು ಪಿಸುಗುಟ್ಟಿದಳು.

ಅಳಿಲು ಚಿತ್ರ ಎಳೆದು ಹಿಂದಕ್ಕೆ ಸೇರಿಸಿದಳು. ಎದುರಿಗೆ ಮಳೆ ಸುರಿಯುವ ಎರಡನೇ ಚಿತ್ರ ಬಂತು, ಅವಳು ಓದಿದ್ದು ಮೊದಲನೆಯ ಮಾತು, "ಅಂದು ಚೆನ್ನಾಗಿ ಬಿಸಿಲು ಕಾಯುತ್ತಿತ್ತು." ಮತ್ತೆ ನಗು. ಮೂರು. ನಾಲ್ಕನೇ ಚಿತ್ರದಲ್ಲಿ ಬೆಕ್ಕು ಕೊಡೆಯ ಮೇಲೆ ಮಲಗಿತ್ತು. ಅಳಿಲು ಇನ್ನೂ ಬೇಗ ಓದಿದಳು. "ಊರಿನ ದೊಡ್ಡ ಮನುಷ್ಯರು ಬಂದರು. ಮುದುಕ ಎದ್ದು ತಲೆಬಾಗಿಸಿ ನಮಸ್ಕರಿಸಿದ." ಅಣ್ಣನೂ ನಕ್ಕುಬಿಟ್ಟ. ದೊಡ್ಡ ಮೇಡಂ ಬಾಯಿಗೆ ಕರವಸ್ತ್ರ ಹಿಡಿದರು.

ಅಳಿಲು ಓದುವುದನ್ನು ನಿಲ್ಲಿಸಿ ಪೆಟ್ಟಿಗೆಯ ಮೇಲಿಂದ ಮುಖ ಎತ್ತಿದಳು. ಅವಳ ಕಣ್ಣು ಅಮ್ಮನನ್ನು ದಾಟಿ, ಅಪ್ಪನನ್ನು ದಾಟಿ, ತುದಿಯ ಕುರ್ಚಿಗೆ ಬಂದು ನಿಂತಿತು.

ಮಾಡಬೇಕಾದದ್ದು ಸುಲಭವಾಗಿತ್ತು. ಎದ್ದು ಹೋಗಿ ಪೆಟ್ಟಿಗೆಯ ಹಿಂದೆ ನಿಂತು ಕಥೆ ಹೇಳಿದರೆ ಆಯಿತು. ಹತ್ತೂ ಮಾತು ಅವಳಿಗೆ ಬಾಯಿಪಾಠ, ಹಾಳೆಯೇ ಬೇಡ. ಅಂದು ದೊಡ್ಡ ಮೇಡಂ ಮೇಜಿನ ಆಚೆಯಿಂದ ಕೇಳಿದ್ದೂ ಇದನ್ನೇ: ಒಂದು ಕಥೆ ಹೇಳಿ, ಕೇಳ್ತೀವಿ.

ಡಿಗ್ರಿ ಎದ್ದಳು. ಕಬ್ಬಿಣದ ಕುರ್ಚಿ ಸಿಮೆಂಟಿನ ಮೇಲೆ ಕರ್ರೆಂದು ಉಜ್ಜಿತು. ಆ ಸದ್ದಿಗೆ ಮೊದಲ ಸಾಲು ತಿರುಗಿತು, ಎರಡನೇ ಸಾಲು ತಿರುಗಿತು, ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡು ತಿರುಗಿದರು. ಕುರ್ಚಿಯಿಂದ ಪೆಟ್ಟಿಗೆಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಅಡಗಿಕೊಳ್ಳಲು ಏನೂ ಇರಲಿಲ್ಲ.

ಅವಳು ಕೂತಳು.

ಅಳಿಲು ಇನ್ನಾರು ಚಿತ್ರಗಳನ್ನು ಒಂದೊಂದಾಗಿ ಎಳೆದಳು, ಒಂದೊಂದಕ್ಕೂ ತಪ್ಪು ಮಾತು ಓದಿದಳು, ನಿಲ್ಲಿಸದೆ, ತಲೆಯೆತ್ತದೆ, ಔಷಧ ಕುಡಿಯುವ ಮಗುವಿನಂತೆ. ಕೊನೆಗೆ ಕಟ್ಟಿಗೆ ತಟ್ಟುವುದನ್ನೂ ಮರೆತಳು. ಚಪ್ಪಾಳೆ ಜೋರಾಗಿಯೇ ಬಿತ್ತು. ನಕ್ಕು ಖುಷಿಯಾದವರ ಚಪ್ಪಾಳೆ.

"ಪೆಟ್ಟಿಗೆ ಬಹಳ ಚೆನ್ನಾಗಿದೆ ಮರಿ," ಎಂದರು ದೊಡ್ಡ ಮೇಡಂ. "ಆದ್ರೆ ಹಾಳೆಗಳು ಹಿಂದೆಮುಂದೆ ಆಗಿವೆ. ಇದನ್ನೆಲ್ಲ ಜೋಡ್ಸಿದ್ದು ಯಾರು?"

ಮೂರನೇ ಸಾಲಿನಲ್ಲಿ ಅತ್ತಿಗೆ ತನ್ನ ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಅಳಿಲು ನೋಡಿದ್ದು ಅವಳನ್ನಲ್ಲ.

"ಅತ್ತೆ," ಎಂದಳು.

"ಓ. ಅತ್ತೆ ಏನು ಮಾಡ್ತಾರೆ?"

"ಬೈಂಡಿಂಗ್ ಅಂಗಡೀಲಿ ಪುಟ ಜೋಡಿಸ್ತಾರೆ."

ಈ ಸಲದ ನಗು ಮುಂಚಿನದೆಲ್ಲಕ್ಕಿಂತ ದೊಡ್ಡದಾಗಿತ್ತು. ದೊಡ್ಡ ಮೇಡಂ ನಗಲಿಲ್ಲ. ತಿರುಗಿ ತುದಿಯ ಕುರ್ಚಿಯನ್ನು ನೋಡಿದರು, ಗುರುತು ಹಿಡಿದರು, ಮೆಲ್ಲಗೆ ತಲೆಯಾಡಿಸಿ ಮುಂದಕ್ಕೆ ತಿರುಗಿದರು. ಕ್ಲಾಸ್ ಟೀಚರ್ ಕೈಯಲ್ಲಿದ್ದ ಪಟ್ಟಿಯನ್ನು ನೋಡುತ್ತ ನಿಂತಿದ್ದರು. ಆಮೇಲೆ ಮುಂದಿನ ಮಗುವಿನ ಹೆಸರು ಕೂಗಿದರು.

ಮನೆಗೆ ಬರುವ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಹೊತ್ತವಳು ಡಿಗ್ರಿ. ಮುಂದೆ ಅತ್ತಿಗೆಯ ಮಾತು.

"ಅಲ್ಲ, ನಾನು ನಿನ್ನೆ ಅಷ್ಟು ಸರಿ ಮಾಡಿಟ್ಟಿದ್ದೆ. ಎಲ್ಲ ಒಂದೊಂದು ಹಿಂದೆ ಅಂಟಿಸಿದ್ಲು ಇವಳು. ಒಂದರ ಹಿಂದೆ ಎರಡು, ಎರಡರ ಹಿಂದೆ ಮೂರು. ದಿನಕ್ಕೆ ಇನ್ನೂರು ಫೈಲು ಜೋಡಿಸೋಳು ನಾನು, ಅಷ್ಟು ಗೊತ್ತಾಗಲ್ವಾ? ಒಂದೊಂದನ್ನೂ ಎಬ್ಬಿಸಿ ಸರಿಯಾದ ಜಾಗಕ್ಕೆ ಅಂಟಿಸ್ದೆ. ಆಮೇಲೂ ಹೇಗೆ ತಪ್ಪಾಯ್ತೋ."

"ಅದೇ ತಪ್ಪು ಅಮ್ಮ!" ಅಳಿಲು ರಸ್ತೆಯ ಮಧ್ಯೆ ನಿಂತುಬಿಟ್ಟಳು. "ನಾನು ಹೇಳ್ದೆ, ಅತ್ತೆ ಹಾಗೇ ಇರ್ಬೇಕು ಅಂದಿದ್ಲು ಅಂತ ಹೇಳ್ದೆ. ನೀನೇ, ನಿಂಗೊತ್ತಾ ನಂಗೊತ್ತಾ ಅಂದೆ!"

ಅತ್ತಿಗೆ ಮಗಳನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಏನೋ ಒಂದು ಅವಳ ಮುಖದ ಮೇಲೆ ಬಂದು ಹೋಯಿತು. ಅದು ನಾಚಿಕೆಯಾಗಿರಬಹುದು; ಆದರೆ ಅತ್ತಿಗೆಗೆ ನಾಚಿಕೆ ಬಂದಾಗಲೆಲ್ಲ ಅದು ಸಿಟ್ಟಾಗಿಯೇ ಹೊರಬೀಳುವುದು.

"ಹಾಗಿದ್ರೆ ಇವಳು ಹೇಳ್ಬೇಕಿತ್ತು. ಒಂದು ಚೀಟಿ ಬರೆದಿಡೋಕಾಗ್ತಿರ್ಲಿಲ್ವಾ? ದಿನಾ ಸಂಜೆ ಅಷ್ಟುದ್ದ ಡೈರಿ ಬರೀತಾಳೆ. ಬಾಯಿ ಇರೋದು ಯಾಕೆ? ನಾನೇನು ಕನಸು ಕಾಣ್ಲಾ, ಜಪಾನಲ್ಲಿ ಹಿಂದುಮುಂದು ಅಂಟಿಸ್ತಾರೆ ಅಂತ?"

"ಹೋಗ್ಲಿ ಬಿಡೇ," ಎಂದ ಅಣ್ಣ. "ಮಕ್ಕಳ ಆಟ. ಜನ ಎಷ್ಟು ನಕ್ರು ನೋಡು, ಬೇರೆ ಯಾವ ದೇಶಕ್ಕೂ ಅಷ್ಟು ಚಪ್ಪಾಳೆ ಬೀಳ್ಲಿಲ್ಲ."

ಮನೆಯಲ್ಲಿ ಡಿಗ್ರಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಬೀರುವಿನ ಮಗ್ಗುಲಲ್ಲಿ ನಿಂತಿದ್ದ ಅಳಿಲನ್ನು ಕರೆದಳು. ಅಳಿಲು ಹತ್ತಿರ ಬರಲಿಲ್ಲ.

"ಅಮ್ಮ ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ ಪುಟ್ಟ?" ಎಂದು ಕೇಳಿದಳು ಡಿಗ್ರಿ. ಕೇಳಬಾರದಿತ್ತು ಎಂದು ಕೇಳುತ್ತಿರುವಾಗಲೇ ತಿಳಿಯಿತು.

"ನೀನು ಎದ್ದೆ," ಎಂದಳು ಅಳಿಲು. ಅಳುತ್ತಿರಲಿಲ್ಲ. "ನೀನು ಬರ್ತೀಯ ಅಂದ್ಕೊಂಡೆ. ಆಮೇಲೆ ಕೂತ್ಕೊಂಡೆ."

ಡಿಗ್ರಿ ಬಗ್ಗಿ ಪೆಟ್ಟಿಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು. ಅಳಿಲು ಹೋಗಿ ಅಪ್ಪನ ಪಕ್ಕ ಟಿವಿ ಮುಂದೆ ಕೂತಳು.

ಸೋಮವಾರದಿಂದ ಅವಳನ್ನು ಶಾಲೆಯಿಂದ ಕರೆತರಲು ವ್ಯಾನು ಗೊತ್ತುಮಾಡಿದರು. "ನಿಂಗೂ ಪಾಪ ಓಡಾಟ," ಎಂದಳು ಅತ್ತಿಗೆ. ಡಿಗ್ರಿಗೆ ಸಂಜೆ ನಾಲ್ಕಕ್ಕೆ ಚಹಾ ಕುಡಿಯಲು ಸಮಯ ಸಿಕ್ಕಿತು.

ಒಂದೂವರೆ ತಿಂಗಳ ಮೇಲೆ ಶಾಲೆಯ ವಾರ್ಷಿಕ ಪತ್ರಿಕೆ ಅಚ್ಚಾಗಿ ಬೈಂಡಿಂಗಿಗೆ ಬಂತು. ಪ್ರತಿ ವರ್ಷವೂ ಅದು ಈ ಅಂಗಡಿಗೇ ಬರುವುದು. ಆರುನೂರು ಪ್ರತಿ, ನಾಲ್ಕು ಫಾರಂ. ಈ ಸಲ ಹಾಳೆಗಳ ಜೊತೆ ಒಂದು ಪತ್ರವೂ ಇತ್ತು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಎಲ್ಲರಿಗೂ ಕೇಳುವಂತೆ ಓದಿದರು:

"'ಪುಟಗಳ ಅನುಕ್ರಮವನ್ನು ಜವಾಬ್ದಾರಿಯುತರಾದ ಇಬ್ಬರಿಂದ ಪರೀಕ್ಷಿಸಿ ಕಳುಹಿಸತಕ್ಕದ್ದು.' ಏನ್ರೀ ಇದು! ಇಪ್ಪತ್ತೆರಡು ವರ್ಷದಲ್ಲಿ ನಮ್ಮಲ್ಲಿ ಒಂದು ಪುಟ ಮಗುಚಿದ್ದುಂಟಾ? ಯಾರಿಗೆ ಹೇಳ್ತಿದಾರೆ ಡಿಗ್ರಿ ಇದನ್ನ?"

"ಗೊತ್ತಿಲ್ಲ," ಎಂದಳು ಡಿಗ್ರಿ. ಕೈ ಮಡಚುತ್ತಲೇ ಇತ್ತು.

ಎರಡನೇ ಫಾರಂ ಮಡಚುವಾಗ ಮೂವತ್ತೊಂದನೇ ಪುಟ ಮೇಲೆ ಬಂತು. ಪ್ರದರ್ಶನದ ಫೋಟೋಗಳು. ನಡುವೆ ಅಳಿಲು, ಹೆಗಲ ಮೇಲೆ ಕೈಯಿಟ್ಟ ಅತ್ತಿಗೆ, ಪಕ್ಕದಲ್ಲಿ ಕಪ್ಪು ಬಟ್ಟೆಯ ಪೆಟ್ಟಿಗೆ. ಕೆಳಗೆ, 'ತಾಯಿಯ ನೆರವಿನಿಂದ ಜಪಾನಿನ ಕಾಗದದ ನಾಟಕ'. ಪೆಟ್ಟಿಗೆಯ ಅಂಚಿನಲ್ಲಿ ಹಿಂದಿನಿಂದ ಹಿಡಿದ ನಾಲ್ಕು ಬೆರಳು ಕಾಣುತ್ತಿದ್ದವು. ಯಾರ ಬೆರಳೆಂದು ಕೇಳುವವರಿರಲಿಲ್ಲ.

ಅದರ ಬೆನ್ನಿಗೆ ಮೂವತ್ತೆರಡು. 'ನಮ್ಮ ಹೊಸ ಸಿಬ್ಬಂದಿ'. ಲೈಬ್ರರಿಯ ಸಹಾಯಕಿ, ಇಪ್ಪತ್ತರ ಆಸುಪಾಸಿನ ಹುಡುಗಿ, ಬಾಯ್ತುಂಬ ನಗುತ್ತಿದ್ದಳು. ಹಿಂದೆ ಕಪಾಟು, ಮೂಲೆಯ ಕಿಟಕಿ. ಒಳಗಿನಿಂದ ನೋಡಿದರೆ ಆ ಕಿಟಕಿಯಲ್ಲಿ ಶಾಲೆಯ ಗೇಟು ಕಾಣುತ್ತದೆ ಎಂಬುದು ಡಿಗ್ರಿಗೆ ಅಂದೇ ಗೊತ್ತಾದದ್ದು.

ಅವಳು ಹಾಳೆಯನ್ನು ಮಗುಚಿ ಮಡಿಕೆಯನ್ನು ಉಗುರಿನಿಂದ ಒತ್ತಿ ಎಳೆದಳು. ಈ ಒಂದು ಫಾರಮ್ಮನ್ನು ತಲೆಕೆಳಗು ಇಟ್ಟು ಹೊಲಿದುಬಿಟ್ಟರೆ ಎಂಬ ಯೋಚನೆ ಬಂತು. ಒಂದೇ ಪ್ರತಿಯಲ್ಲಿ, ಅಣ್ಣನ ಮನೆಗೆ ಬರುವುದರಲ್ಲಿ. ಆದರೆ ಯಾವ ಪ್ರತಿ ಯಾರ ಮನೆಗೆ ಹೋಗುತ್ತದೋ ಯಾರಿಗೆ ಗೊತ್ತು? ಅಲ್ಲದೆ ಕೈ ಕೇಳಲಿಲ್ಲ. ಅವಳ ಕೈಗೆ ಸರಿಯಾಗಿ ಜೋಡಿಸುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಶನಿವಾರ ಕಟ್ಟುಗಳೆಲ್ಲ ಹೊಲಿಗೆ ಮುಗಿದು ಗೋಡೆಯುದ್ದಕ್ಕೂ ಎದೆಯೆತ್ತರ ನಿಂತವು. ಮೇಸ್ತ್ರಿ ಸ್ಟೂಲೆಳೆದು ಈಚೆ ಕೂತರು. "ಇಬ್ಬರು ಅಂತ ಬರೆದಿದಾರಲ್ಲ, ಮಾಡೇ ಬಿಡೋಣ. ನೀನು ಆ ಕಡೆ ಕೂತು ಪುಟದ ನಂಬರು ಕೂಗು, ನಾನು ಗುರುತು ಹಾಕ್ತೀನಿ. ಕಟಿಂಗ್ ಮಿಷನ್ನು ಓಡ್ತಿದೆ, ಸ್ವಲ್ಪ ಗಟ್ಟಿಯಾಗಿ ಕೂಗು. ನಿನ್ನ ದನಿ ನಂಗೆ ಕೇಳ್ಸಿದ್ರೆ ತಾನೇ."

ಡಿಗ್ರಿ ಕಟ್ಟುಗಳ ಆಚೆ ನೆಲದ ಮೇಲೆ ಕೂತಳು. ಎದುರಿಗೆ ಗೋಡೆಯಂತೆ ಕಾಗದ. ಅವಳಿಗೆ ಯಾರೂ ಕಾಣುತ್ತಿರಲಿಲ್ಲ, ಅವಳೂ ಯಾರಿಗೂ ಕಾಣುತ್ತಿರಲಿಲ್ಲ. ಮೊದಲ ಪ್ರತಿಯನ್ನು ತೆರೆದಳು.

"ಒಂದು," ಎಂದಳು. "ಎರಡು. ಮೂರು."

ದನಿ ಕಾಗದದ ಮೇಲಿಂದ ಹಾದು, ಮಿಷನ್ನಿನ ಸದ್ದನ್ನು ಸೀಳಿ, ಅಂಗಡಿಯ ಬಾಗಿಲವರೆಗೆ ಹೋಯಿತು. ಕಟಿಂಗ್ ಮಿಷನ್ನಿನವನು ಕೈ ನಿಲ್ಲಿಸಿ ತಿರುಗಿ ನೋಡಿದ.

"ಅಬ್ಬಾ!" ಎಂದರು ಮೇಸ್ತ್ರಿ ಆಚೆಯಿಂದ. "ಇಷ್ಟು ದೊಡ್ಡ ಗಂಟಲು ಇಷ್ಟು ದಿನ ಎಲ್ಲಿಟ್ಟಿದ್ಯೇ? ಶಾಲೇಲಿ ಪಾಠ ಹೇಳ್ಬಹುದಲ್ಲೇ ನೀನು!"

ಡಿಗ್ರಿ ಪುಟ ತಿರುವಿದಳು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು, ಮೂವತ್ತೆರಡು. ಎಲ್ಲ ಕ್ರಮವಾಗಿಯೇ ಇತ್ತು. ಎಲ್ಲಿಯೂ ನಿಲ್ಲಿಸದೆ ಕೂಗಿಕೊಂಡು ಹೋದಳು.